ಸಲ್ಲದ ನೋಟು

"ಐಸಿಯಾ, ಎನ್‌ಸಿಯಾ?"

ಕಠ್ಮಂಡುವಿಗೆ ಹೋದ ಭಾರತೀಯರು ಮೊದಲ ದಿನವೇ ಕಲಿಯುವ ಪ್ರಶ್ನೆ ಇದು. ಐಸಿ ಎಂದರೆ ಇಂಡಿಯನ್ ಕರೆನ್ಸಿ, ಎನ್‌ಸಿ ಎಂದರೆ ನೇಪಾಳಿ ಕರೆನ್ಸಿ. ಎರಡರ ಹೆಸರೂ ರೂಪಾಯಿಯೇ. ಟ್ಯಾಕ್ಸಿಯವರು 'ಐನೂರು' ಎಂದಾಗ ಅದು ಯಾವ ಐನೂರು ಎಂದು ಕೇಳದೆ ಹತ್ತಿದರೆ ಇಳಿಯುವಾಗ ಜಗಳ ಗ್ಯಾರಂಟಿ. ನಮ್ಮ 100 ಅವರ 160. 1993ರಿಂದ ಈ ದರ ಅಲುಗಾಡಿಲ್ಲ. ನೇಪಾಳಿ ಪತ್ರಿಕೆಗಳು ಭಾರತೀಯ ರೂಪಾಯಿಯನ್ನು ಚುಟುಕಾಗಿ 'ಭಾರು' ಎಂದೂ ತಮ್ಮದನ್ನು 'ನೇರು' ಎಂದೂ ಬರೆಯುತ್ತವೆ. 'ಭಾರು' ನನ್ನ ಕನ್ನಡದ ಕಿವಿಗೆ 'ಭಾರ' ಎಂದು ಕೇಳಿಸಿತು. ಆಗ ನಕ್ಕು ಸುಮ್ಮನಾಗಿದ್ದೆ.

ಬೇರೆ ದೇಶದಲ್ಲಿ ಹಣ ಕೊಡುವುದು ಹೇಗೆ ಎಂಬುದನ್ನು ನಾವು ಸಾಮಾನ್ಯವಾಗಿ ಅನುಕೂಲದ ಪ್ರಶ್ನೆ ಎಂದೇ ತಿಳಿಯುತ್ತೇವೆ. ಕಾರ್ಡೋ, ನಗದೋ, ಫೋನೋ, ಎಲ್ಲಿ ಬದಲಾಯಿಸಿದರೆ ನಾಲ್ಕು ಕಾಸು ಉಳಿಯುತ್ತದೆ, ಎಷ್ಟು ಒಯ್ಯಬಹುದು. ನಾನೂ ಹಾಗೇ ತಿಳಿದಿದ್ದೆ. ಇದರಲ್ಲಿ ನ್ಯಾಯ-ಅನ್ಯಾಯದ ಮಾತೂ ಇದೆ ಎಂದು ನನಗೆ ಹೊಳೆದದ್ದು 2023ರ ಮಾರ್ಚಿನಲ್ಲಿ, ಪಾಟನ್‌ನ ಓಣಿಯೊಂದರ ಚಹಾ ಅಂಗಡಿಯಲ್ಲಿ ನಾನು ಕೊಟ್ಟ ಒಂದು ನೋಟಿನಿಂದ.

ಒಂದು ವಿಚಾರ ಸಂಕಿರಣಕ್ಕೆಂದು ಹೋಗಿದ್ದೆ. ಗಡಿಯಲ್ಲಿ ಬದಲಾಯಿಸಿಕೊಂಡಿದ್ದ ಸ್ವಲ್ಪ ಎನ್‌ಸಿ ಬಸ್ಸಿಗೆ, ಟ್ಯಾಕ್ಸಿಗೆ ಮುಗಿದಿತ್ತು. ಬೆಳಿಗ್ಗೆ ಹಸಿವು. ಗೆಸ್ಟ್ ಹೌಸಿನ ಪಕ್ಕದ ಓಣಿಯಲ್ಲಿ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಸೇಲ್ ರೋಟಿ ಕರಿಯುತ್ತಿದ್ದರು. ಅಕ್ಕಿ ಹಿಟ್ಟಿನದು, ಬಳೆಯಾಕಾರ, ನಮ್ಮ ಕೋಡುಬಳೆಯ ದೊಡ್ಡಣ್ಣನ ಹಾಗೆ, ಆದರೆ ಸಿಹಿ. ಎರಡು ರೋಟಿ, ಆಲೂ ಪಲ್ಯ, ಎರಡು ಲೋಟ ಚಿಯಾ. ಒಟ್ಟು 120 ಎನ್‌ಸಿ. ಪರ್ಸಿನಲ್ಲಿದ್ದದ್ದು ನಮ್ಮ 500ರ ನೋಟು. ಕೊಟ್ಟೆ.

ಅವರು ನೋಟನ್ನು ನೋಡಿದರು, ನನ್ನನ್ನು ನೋಡಿದರು, ಒಮ್ಮೆ ಓಣಿಯ ಕಡೆಗೂ ನೋಡಿದರು. "ಸಣ್ಣದು ಇಲ್ವಾ ಬಹಿನಿ?" ಎಂದರು. ಬಹಿನಿ ಎಂದರೆ ತಂಗಿ. ಅವರ ಹಿಂದಿ, ನನ್ನ ಹಿಂದಿ ಎರಡೂ ಒಂದೇ ಮಟ್ಟದವು. "ಇಲ್ಲ ದಿದಿ" ಎಂದೆ. ನೋಟನ್ನು ನಾಲ್ಕು ಮಡಿಕೆ ಮಾಡಿ, ಗಲ್ಲಾಪೆಟ್ಟಿಗೆಗೆ ಹಾಕದೆ ಸೊಂಟಕ್ಕೆ ಸುತ್ತಿದ್ದ ಬಟ್ಟೆಯೊಳಗೆ ಸಿಕ್ಕಿಸಿಕೊಂಡರು. ಆಮೇಲೆ 680 ಎಣಿಸಿ ಕೊಟ್ಟರು. ನೇಪಾಳದ ನೋಟುಗಳ ಮೇಲೆ ಪ್ರಾಣಿಗಳ ಚಿತ್ರ ಇರುತ್ತದೆ. ನನ್ನ ಕೈಗೆ ಬಂದದ್ದು ಒಂದು ಹುಲಿ, ಒಂದು ಘೇಂಡಾಮೃಗ, ಒಂದು ಹಿಮಚಿರತೆ, ಒಂದು ಸಾರಂಗ, ಒಂದು ಕೃಷ್ಣಮೃಗ. ಐದೂ ಬೇರೆ ಬೇರೆ ಸಿಕ್ಕವಲ್ಲ ಎಂದು ಖುಷಿಪಟ್ಟು ಫೋಟೋ ತೆಗೆದುಕೊಂಡೆ. ಅವರು ಗಲ್ಲಾದ ತಳದವರೆಗೂ ಕೈ ಹಾಕಿ ಹುಡುಕಿದ್ದನ್ನು ಗಮನಿಸಿದ್ದೆ, ಆದರೆ ಅದರ ಅರ್ಥ ಹೊಳೆದಿರಲಿಲ್ಲ.

ಸಂಜೆ ಗೆಸ್ಟ್ ಹೌಸಿನಲ್ಲಿ ಇದನ್ನು ಹೇಳಿದಾಗ ಕೌಂಟರಿನಲ್ಲಿದ್ದ ಹುಡುಗ ತಲೆ ಅಲ್ಲಾಡಿಸಿದ. 2018ರ ಡಿಸೆಂಬರಿನಲ್ಲೇ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ನೂರರ ನೋಟು ಎಲ್ಲ ಕಡೆ ನಡೆಯುತ್ತಿತ್ತು. ಐನೂರರದ್ದು ಆಗ ಇಟ್ಟುಕೊಳ್ಳುವುದೂ ತಪ್ಪಾಗಿತ್ತು. "ವಯಸ್ಸಾದವರು, ತಗೊಂಡಿದ್ದಾರೆ. ನಾನಾಗಿದ್ರೆ ತಗೋತಿರಲಿಲ್ಲ" ಎಂದ.

ಅಂದರೆ ಆ ಬೆಳಿಗ್ಗೆ ನಡೆದದ್ದು ಚಹಾ ವ್ಯಾಪಾರವಷ್ಟೇ ಅಲ್ಲ. ನಾನು 120 ರೂಪಾಯಿಯ ತಿಂಡಿ ತಿಂದು, ಅವರ ಊರಿನಲ್ಲಿ ನಡೆಯದ ನೋಟು ಕೊಟ್ಟು, ನಡೆಯುವ 680 ರೂಪಾಯಿ ಇಸಿದುಕೊಂಡು ಬಂದಿದ್ದೆ. ಬ್ಯಾಂಕು ಮಾಡಬೇಕಾದ ಕೆಲಸವನ್ನು ಆ ಹೆಂಗಸಿನಿಂದ ಪುಕ್ಕಟೆ ಮಾಡಿಸಿಕೊಂಡಿದ್ದೆ, ಬ್ಯಾಂಕಿಗೆ ಇಲ್ಲದ ಅಪಾಯವನ್ನೂ ಅವರ ಸೊಂಟಕ್ಕೆ ಕಟ್ಟಿದ್ದೆ. ಆದರೂ ನನ್ನ ಲೆಕ್ಕದಲ್ಲಿ ದುಡ್ಡು ಕೊಟ್ಟಾಗಿತ್ತು!

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಕ್ರಿಯಾಪದವಿದೆ: ಸಲ್ಲು. ನಾಣ್ಯ ಸಲ್ಲುತ್ತದೆ ಅಥವಾ ಸಲ್ಲುವುದಿಲ್ಲ. ಬಾಕಿ ಸಲ್ಲಬೇಕು. ಗೌರವ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಬೇಕು. ಮಾಡಬಾರದ ಕೆಲಸವನ್ನು 'ಸಲ್ಲದು' ಎನ್ನುತ್ತೇವೆ. ಚಲಾವಣೆ, ಸಾಲ, ಮರ್ಯಾದೆ, ನೀತಿ ನಾಲ್ಕಕ್ಕೂ ಒಂದೇ ಧಾತು. ಲೋಕವನ್ನು ನಾಣ್ಯ ಹೊಯ್ಯುವ ಕಮ್ಮಟವಾಗಿ ಕಂಡ ಬಸವಣ್ಣನವರ ವಚನ ನಮಗೆಲ್ಲ ಗೊತ್ತು; ಅಲ್ಲಿ ಪ್ರಶ್ನೆ ಮನುಷ್ಯರು ಸಲ್ಲುತ್ತಾರೋ ಇಲ್ಲವೋ ಎಂಬುದು. ಆ ಭಾಷೆಯಲ್ಲಿ ಹುಟ್ಟಿ ಬೆಳೆದ ನನಗೆ, ಕೊಡುವುದು ಬೇರೆ, ಸಲ್ಲಿಸುವುದು ಬೇರೆ ಎಂದು ಗೊತ್ತಿರಬೇಕಿತ್ತು. ಕೊಡುವುದು ನನ್ನ ಕೈಯಿಂದ ನೋಟು ಬಿಟ್ಟಾಗ ಮುಗಿಯುತ್ತದೆ. ಅದು ಸಲ್ಲುವುದು, ಎದುರಿನವರು ಆ ಹಣದಿಂದ ಸಂಜೆ ಎಣ್ಣೆ, ಹಿಟ್ಟು ತರಲು ಆದಾಗ ಮಾತ್ರ.

ಹಾಗಾದರೆ ನನಗೆ ಅದು ಸಹಜ ಎನಿಸಿದ್ದೇಕೆ? ನೇಪಾಳದ ರಾಷ್ಟ್ರ ಬ್ಯಾಂಕು ಶುರುವಾದದ್ದು 1956ರಲ್ಲಿ. ಅದಕ್ಕೆ ಮೊದಲು ಆ ದೇಶದಲ್ಲಿ ನೇಪಾಳಿ ಹಣದ ಜೊತೆಗೇ ಭಾರತದ ಹಣವೂ ಓಡಾಡುತ್ತಿತ್ತು. ಗಡಿಯ ಬಯಲುಸೀಮೆಯಲ್ಲಂತೂ ಭಾರತದ್ದೇ ಹೆಚ್ಚು. ತನ್ನ ಹಣವನ್ನು ತನ್ನ ಇಡೀ ನೆಲದಲ್ಲಿ ನಡೆಸುವುದು ನೇಪಾಳಕ್ಕೆ ಒಂದು ಸಾಧನೆಯಾಗಿತ್ತು. ಇಂದಿಗೂ ಭಾರತದಿಂದ ಬರುವ ಸರಕಿಗೆ ಭಾರತೀಯ ರೂಪಾಯಿ ಬೇಕು. ಅದಕ್ಕಾಗಿ ಅವರ ರಾಷ್ಟ್ರ ಬ್ಯಾಂಕು ಡಾಲರು ಮಾರಿ ನಮ್ಮ ರೂಪಾಯಿ ಕೊಳ್ಳುತ್ತದೆ. ಹೀಗಾಗಿ ನಮ್ಮ ನೋಟಿಗೆ ಅಲ್ಲಿ ಬೆಲೆ ಇದೆ. ಆ ಬೆಲೆಯನ್ನು ನಾವು ಹಕ್ಕು ಎಂದುಕೊಂಡುಬಿಡುತ್ತೇವೆ.

ಇದನ್ನು ತಿರುವಿ ನೋಡಿದರೆ ಗೊತ್ತಾಗುತ್ತದೆ. ನೇಪಾಳದ ಎಷ್ಟೋ ಜನ ಬೆಂಗಳೂರಿನ ಹೋಟೆಲುಗಳ ಅಡುಗೆಮನೆಯಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ದುಡಿಯುತ್ತಾರೆ. ಅವರಲ್ಲಿ ಒಬ್ಬರು ಮೆಜೆಸ್ಟಿಕ್‌ನಲ್ಲಿ ಇಳಿದು, ದರ್ಶಿನಿಯಲ್ಲಿ ಇಡ್ಲಿ ತಿಂದು, ಹುಲಿಯ ಚಿತ್ರದ ನೋಟು ಚಾಚಿದರೆ ಏನಾಗುತ್ತದೆ? ದರ ಅದೇ, 1.6. ಲೆಕ್ಕ ಇನ್ನೂ ಸುಲಭ. ಆದರೂ ಕ್ಯಾಷಿಯರು ಅದನ್ನು ತಮಾಷೆ ಎಂದೋ ಮೋಸ ಎಂದೋ ತಿಳಿಯುತ್ತಾರೆಯೇ ಹೊರತು ಹಣ ಎಂದು ತಿಳಿಯುವುದಿಲ್ಲ. ಬದಲಾಯಿಸಿಕೊಳ್ಳುವ ಕೆಲಸ ಯಾವಾಗಲೂ ಒಂದೇ ಕಡೆಯವರದ್ದು.

ಇದನ್ನು ಸಹಪಾಠಿಯೊಬ್ಬನಿಗೆ ಹೇಳಿದಾಗ ಅವನು ಒಪ್ಪಲಿಲ್ಲ. "ನೀನೇನು ಅವರ ಕೈ ತಿರುಚಿದೆಯಾ? ಅವರಾಗಿಯೇ ತಗೊಂಡರು. ಬೇಡ ಅನ್ನಬಹುದಿತ್ತು" ಎಂದ. ಮಾತು ತೆಗೆದುಹಾಕುವಂಥದ್ದಲ್ಲ. ಇಬ್ಬರು ವಯಸ್ಕರು ಒಪ್ಪಿ ಮಾಡಿದ ವ್ಯವಹಾರದಲ್ಲಿ ಮೂರನೆಯವರು ನೀತಿ ಹೇಳುವುದು ಎಷ್ಟು ಸರಿ? ಅವರಿಗೆ ಆ ನೋಟನ್ನು ದಾಟಿಸುವ ದಾರಿ ಗೊತ್ತಿದ್ದಿರಬಹುದು. ಅವರನ್ನು ಏನೂ ತಿಳಿಯದ ಮುಗ್ಧೆ ಎಂದು ಭಾವಿಸುವುದೂ ಒಂದು ಬಗೆಯ ಅಹಂಕಾರವೇ.

ಆದರೆ ಆ ಒಪ್ಪಿಗೆ ಯಾವ ಹೊತ್ತಿನದು ಎಂಬುದನ್ನು ನೋಡಬೇಕು. ನಾನು ತಿಂದಾಗಿತ್ತು. ಬೇಡ ಎಂದಿದ್ದರೆ ಅವರಿಗೆ 120 ರೂಪಾಯಿ ಹೋಗುತ್ತಿತ್ತು, ಅಥವಾ ಎದುರಿಗೆ ನಿಂತ ಪರದೇಶದ ಹುಡುಗಿಯ ಮೇಲೆ ಕೂಗಾಡಬೇಕಿತ್ತು. ನಮ್ಮ ಸಿಟಿ ಬಸ್ಸಿನಲ್ಲಿ ಇದರ ಚಿಕ್ಕ ರೂಪವನ್ನು ಎಲ್ಲರೂ ಕಂಡಿದ್ದೇವೆ. ಹತ್ತು ರೂಪಾಯಿಯ ಟಿಕೆಟ್ಟಿಗೆ 500ರ ನೋಟು ಚಾಚಿದರೆ ಕಂಡಕ್ಟರು ಗೊಣಗುತ್ತಾ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಅಲ್ಲಿಂದ ಇಳಿಯುವವರೆಗೆ ಆ ಚಿಲ್ಲರೆ ಒದಗಿಸುವುದು ಅವರ ತಲೆನೋವು. ನೋಟು ಅಸಲಿಯೇ, ಕಾನೂನಿನ ಪ್ರಕಾರವೂ ಸರಿ. ಆದರೂ ಚಿಲ್ಲರೆ ಇಟ್ಟುಕೊಂಡು ಹತ್ತುವವರಿಗೂ ಇಟ್ಟುಕೊಳ್ಳದೆ ಹತ್ತುವವರಿಗೂ ವ್ಯತ್ಯಾಸ ಇದೆ ಎಂದು ನಮಗೆ ಒಳಗೊಳಗೇ ಗೊತ್ತು. ಒಪ್ಪಿಗೆ ಕೇಳಬೇಕಾದದ್ದು ತಿನ್ನುವ ಮೊದಲು.

ಮರುದಿನ ಬೆಳಿಗ್ಗೆ ಎನ್‌ಸಿ ಬದಲಾಯಿಸಿಕೊಂಡು ಅಂಗಡಿಗೆ ಹೋದೆ. 800 ಕೊಟ್ಟು ಆ ನೋಟು ವಾಪಸ್ ತೆಗೆದುಕೊಳ್ಳುವ ಯೋಚನೆ. ದಿದಿ ನಕ್ಕರು. ಅದು ಆಗಲೇ ಹೋಗಿಯಾಗಿತ್ತು; ಮೈದುನ ಲಾರಿ ಓಡಿಸುತ್ತಾರೆ, ಗಡಿಯಾಚೆ ರಕ್ಸೌಲ್‌ನಲ್ಲಿ ಖರ್ಚಾಗುತ್ತದೆ ಎಂದರು. ನನ್ನ ಭಾರ ಅವರ ಸೊಂಟದಿಂದ ಮೈದುನನ ಜೇಬಿಗೆ ದಾಟಿತ್ತು, ಅಷ್ಟೇ. ಚೆಕ್‌ಪೋಸ್ಟಿನಲ್ಲಿ ಅವರು ಸಿಕ್ಕಿಬಿದ್ದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ.

ಮಾತಿಗೆ ಮಾತು ಬಂದು ಯಾವ ಊರು ಎಂದು ಕೇಳಿದರು. ಬೆಂಗಳೂರು ಎಂದೆ. ರೋಟಿ ಕರಿಯುವ ಜಾಲರಿ ಸೌಟನ್ನು ಬಾಣಲೆಯ ಮೇಲೆ ಅಡ್ಡ ಇಟ್ಟು ಒಳಗೆ ಹೋದರು. ಒಂದು ಪ್ಲಾಸ್ಟಿಕ್ ಕವರು ತಂದರು. ಅದರೊಳಗೆ ನಾಲ್ಕು ನೋಟು, ಹಳೆಯ 1000 ರೂಪಾಯಿಯವು. ಇಸ್ತ್ರಿ ಮಾಡಿದಂತೆ ನೆಟ್ಟಗಿದ್ದವು.

ಮಗ ಬೆಂಗಳೂರಿನ ಹೋಟೆಲೊಂದರಲ್ಲಿ ಮೂರು ವರ್ಷ ಅಡುಗೆ ಕೆಲಸ ಮಾಡಿದ್ದನಂತೆ. 2016ರ ದಶಾಯಿಂ ಹಬ್ಬಕ್ಕೆ ಬಂದಾಗ ಅಮ್ಮನ ಕೈಗೆ ಕೊಟ್ಟದ್ದು. ದಶಾಯಿಂ ಎಂದರೆ ನಮ್ಮ ದಸರೆಯೇ. ಆ ವರ್ಷ ವಿಜಯದಶಮಿ ಅಕ್ಟೋಬರ್ 11ಕ್ಕೆ. ಅದಾಗಿ ಸರಿಯಾಗಿ ನಾಲ್ಕು ವಾರಕ್ಕೆ, ನವೆಂಬರ್ 8ರ ರಾತ್ರಿ, ನಮ್ಮ 500, 1000ದ ನೋಟುಗಳು ರದ್ದಾದವು. ಆ ನಾಲ್ಕು ನೋಟುಗಳನ್ನು ಮಗ ಕಳ್ಳತನದಿಂದ ತಂದದ್ದಲ್ಲ. 500, 1000ದ ನೋಟುಗಳನ್ನು 25,000 ರೂಪಾಯಿವರೆಗೆ ನೇಪಾಳಕ್ಕೆ ಒಯ್ಯಲು ಆಗ ಭಾರತವೇ ಅನುಮತಿ ಕೊಟ್ಟಿತ್ತು.

ನನಗೆ ಆ ನವೆಂಬರ್ ಚೆನ್ನಾಗಿ ನೆನಪಿದೆ. ಡಿಗ್ರಿ ಓದುತ್ತಿದ್ದೆ. ಅಜ್ಜಿ ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗಿಂದ, ಅಜ್ಜನಿಗೂ ಹೇಳದೆ ಕೂಡಿಟ್ಟ ಏಳು ನೋಟುಗಳನ್ನು ತೆಗೆದು ನಾಚಿಕೊಂಡು ಕೊಟ್ಟಿದ್ದರು. ನಾನು, ಅಜ್ಜಿ ಎರಡು ದಿನ ಬ್ಯಾಂಕಿನ ಮುಂದೆ ಸಾಲು ನಿಂತೆವು. ಕಷ್ಟವೇ. ಆದರೆ ನಮಗೆ ಡಿಸೆಂಬರ್ 30ರವರೆಗೆ ಗಡುವಿತ್ತು, ನಿಲ್ಲಲು ಒಂದು ಸಾಲಾದರೂ ಇತ್ತು. ಪಾಟನ್‌ನ ಈ ತಾಯಿಗೆ ನಿಲ್ಲಲು ಸಾಲೇ ಇರಲಿಲ್ಲ. ಅವರ ರಾಷ್ಟ್ರ ಬ್ಯಾಂಕಿಗೂ ನಮ್ಮ ರಿಸರ್ವ್ ಬ್ಯಾಂಕಿಗೂ ಮಾತುಕತೆ ನಡೆಯಿತು, ಇವತ್ತು ಆಗುತ್ತದೆ ನಾಳೆ ಆಗುತ್ತದೆ ಎಂದು ಜನ ಕಾದರು, ಇತ್ಯರ್ಥವಾಗಲಿಲ್ಲ. ಮಗ ಅಷ್ಟರಲ್ಲಿ ಕತಾರ್‌ಗೆ ಹೋಗುವ ಓಡಾಟದಲ್ಲಿದ್ದ; ಬೆಂಗಳೂರಿಗೆ ಮರಳಲೇ ಇಲ್ಲ.

"ನೀನು ಓದಿದವಳು. ಅಲ್ಲಿಯವಳೇ. ಬ್ಯಾಂಕಿನಲ್ಲಿ ಕೇಳಿ ನೋಡ್ತೀಯಾ?" ಎಂದರು.

ನನಗೆ ಉತ್ತರ ಗೊತ್ತಿತ್ತು. 2017ರಲ್ಲಿ ಬಂದ ಕಾಯ್ದೆ ಆ ನೋಟುಗಳ ಮೇಲಿನ ರಿಸರ್ವ್ ಬ್ಯಾಂಕಿನ ಹೊಣೆಯನ್ನು, ಕೇಂದ್ರ ಸರ್ಕಾರದ ಖಾತರಿಯನ್ನು ಕೊನೆಗೊಳಿಸಿದೆ. ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ ಅಪರಾಧ. ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರಕ್ಕಾದರೆ 25ರವರೆಗೆ ಇಟ್ಟುಕೊಳ್ಳಬಹುದು. ಅಂದರೆ ಅವರ ಮಗನ ದುಡಿಮೆ ನನ್ನಂಥವರಿಗೆ ಅಧ್ಯಯನದ ವಸ್ತುವಾಗಿ ಮಾತ್ರ ಉಳಿದಿದೆ. ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ನೋಟುಗಳ ಫೋಟೋ ತೆಗೆದುಕೊಂಡು, "ನೋಡ್ತೀನಿ ದಿದಿ" ಎಂದೆ.

ಕನ್ನಡದವರಿಗೆ 'ನೋಡ್ತೀನಿ'ಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಅದು ಬಾಗಿಲು ಮೆಲ್ಲಗೆ ಹಾಕಿಕೊಳ್ಳುವ ಸದ್ದು. ಆದರೆ ನಾನು ಹೇಳಿದ್ದು ಹಿಂದಿಯಲ್ಲಿ, ಅದನ್ನು ಕೇಳಿಸಿಕೊಂಡವರು ನೇಪಾಳಿಯವರು. ಅವರ ಮುಖದಲ್ಲಿ ಅದು ಅಕ್ಷರಶಃ 'ನೋಡುತ್ತೇನೆ' ಆಗಿಯೇ ಇಳಿದದ್ದು ಕಾಣಿಸಿತು. ಬೆಂಗಳೂರಿಗೆ ಬಂದ ಮೇಲೆ ಎಷ್ಟೋ ರಾತ್ರಿ ಆ ಫೋಟೋ ತೆಗೆದು ನೋಡಿದ್ದೇನೆ. ನೋಟಿನ ಮೇಲೆ, ಧಾರಕರಿಗೆ ಇಷ್ಟು ರೂಪಾಯಿ ಕೊಡುತ್ತೇನೆಂದು ಗವರ್ನರು ವಚನ ಕೊಟ್ಟು ಸಹಿ ಹಾಕಿರುತ್ತಾರೆ. ಆ ವಚನ ಸಲ್ಲಲಿಲ್ಲ ಎಂದು ನನಗೆ ಸಿಟ್ಟಿತ್ತು. ಆದರೆ ಆ ಬೆಳಿಗ್ಗೆ ಅದೇ ಅಂಗಡಿಯಲ್ಲಿ ನಾನೂ ಒಂದು ನೋಟು ಹೊರಡಿಸಿದ್ದೆ. ಹಿಂದೆ ಬಂಗಾರವೂ ಇಲ್ಲದ, ಖಾತರಿಯೂ ಇಲ್ಲದ ಒಂದು ಮಾತು. ಅವರ ಬಳಿ ಈಗ ಸಲ್ಲದ ನೋಟು ನಾಲ್ಕಲ್ಲ, ಐದು.

ಇಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಒಂದು, ಆ ನಾಲ್ಕು ಸಾವಿರಕ್ಕೆ ನಾನು ಹೊಣೆಯೇ? ಎರಡು, ಆ 'ನೋಡ್ತೀನಿ'ಗೆ?

ಎರಡನೆಯದಕ್ಕೆ ಉತ್ತರ ಸುಲಭ. ಮಾತು ನನ್ನದು, ಹೊಣೆ ನನ್ನದು. ಮೊದಲನೆಯದು ಕಷ್ಟ. ನೋಟು ರದ್ದು ಮಾಡಿದ್ದು ನಾನಲ್ಲ. ಮತ ಹಾಕುವ ವಯಸ್ಸು ಬಂದು ಎರಡು ವರ್ಷವಾಗಿತ್ತಷ್ಟೇ, ಯಾರೂ ನನ್ನನ್ನು ಕೇಳಲಿಲ್ಲ. ಹನ್ನಾ ಅರೆಂಟ್ ಅಪರಾಧವನ್ನೂ ಹೊಣೆಯನ್ನೂ ಬೇರೆ ಮಾಡುತ್ತಾರೆ. ಅಪರಾಧ ಯಾವಾಗಲೂ ಮಾಡಿದವರದ್ದು, ವೈಯಕ್ತಿಕವಾದದ್ದು; ನಾವು ಮಾಡದ ಕೆಲಸಕ್ಕೂ, ನಾವು ಸೇರಿದ ಸಮುದಾಯದ ಹೆಸರಿನಲ್ಲಿ ಆದದ್ದಕ್ಕೆ, ಹೊಣೆ ಮಾತ್ರ ನಮ್ಮ ಮೇಲೆ ಬರಬಹುದು. ಇದು ಪುಸ್ತಕದಲ್ಲಿ ಓದಿದಾಗ ಸರಿ ಎನಿಸಿತ್ತು. ಆದರೆ ಪ್ಲಾಸ್ಟಿಕ್ ಕವರಿನ ಎದುರು ಕೂತಾಗ ಅದರಿಂದ ಎಷ್ಟು ರೂಪಾಯಿ ಎಂದು ಹೇಳಲು ಆಗುವುದಿಲ್ಲ. ದೇಶದ ಮಾತಿಗೆ ಪ್ರಜೆಯ ಪಾಲು ಎಷ್ಟು? ಕೋಟ್ಯಂತರ ಜನರಲ್ಲಿ ಒಂದು ಪಾಲೇ? ಅಥವಾ ಎದುರಿಗೆ ಸಿಕ್ಕವಳು ನಾನೊಬ್ಬಳೇ ಆದ್ದರಿಂದ ಪೂರ್ತಿಯೇ?

ನನಗೆ ತೋಚಿದ ಉತ್ತರ ಇಷ್ಟು. ನಮ್ಮ ನೋಟಿನ ಬಲವನ್ನು ನಾನು ಅಲ್ಲಿ ಬಳಸಿಕೊಂಡಿದ್ದೆ. ಆ ಐನೂರನ್ನು ದಿದಿ ತೆಗೆದುಕೊಂಡದ್ದು ನನ್ನ ಮುಖ ನೋಡಿ ಅಲ್ಲ, ಅದರ ಹಿಂದಿರುವ ದೇಶದ ಮೇಲಿನ ಭರವಸೆಯಿಂದ. 2016ರಲ್ಲಿ ಪೆಟ್ಟು ತಿಂದ ಮೇಲೂ ಉಳಿದಿದ್ದ ಭರವಸೆಯಿಂದ. ಆ ಭರವಸೆಯ ಲಾಭ ಬೇಕಾದಾಗ ನಾನು ಭಾರತೀಯಳು, ಅದರ ನಷ್ಟದ ಮಾತು ಬಂದಾಗ ಬರೀ ವಿದ್ಯಾರ್ಥಿನಿ ಎನ್ನುವುದು ಸಲ್ಲದು. ಲಾಭದಲ್ಲಿ ಪಾಲು ಪಡೆದವರು ಹೊಣೆಯಲ್ಲೂ ಪಾಲು ಹೊರಬೇಕು. ಎಷ್ಟು ಎಂಬುದನ್ನು ಅವರವರ ಕೈಲಾದದ್ದು ನಿರ್ಧರಿಸಲಿ.

2025ರ ಫೆಬ್ರವರಿಯಲ್ಲಿ ಮತ್ತೆ ಹೋಗುವ ಅವಕಾಶ ಬಂತು. ಅಷ್ಟರಲ್ಲಿ ಒಂದು ಬದಲಾವಣೆ ಆಗಿತ್ತು. 2024ರಿಂದ ಭಾರತದ ಯುಪಿಐ ನೇಪಾಳದ ಫೋನ್‌ಪೇ ಜಾಲದ ಕ್ಯೂಆರ್ ಕೋಡ್‌ಗಳಲ್ಲೂ ನಡೆಯುತ್ತದೆ. (ಇದು ನಮ್ಮಲ್ಲಿನ ಫೋನ್‌ಪೇ ಅಲ್ಲ, ಹೆಸರು ಒಂದೇ ಥರ ಕೇಳಿಸುವ ನೇಪಾಳದ ಸಂಸ್ಥೆ.) ದಿದಿಯ ಅಂಗಡಿಯ ಕಂಬಕ್ಕೂ ಕ್ಯೂಆರ್ ಹಾಳೆ ಅಂಟಿತ್ತು. ನಾನು ಸ್ಕ್ಯಾನ್ ಮಾಡಿ 180 ಎಂದು ಒತ್ತಿದರೆ ನನ್ನ ಖಾತೆಯಿಂದ ಸುಮಾರು 112 ರೂಪಾಯಿ ಹೋಗುತ್ತದೆ, ಅವರ ಖಾತೆಗೆ ಎನ್‌ಸಿ ಬರುತ್ತದೆ. ಜನ ಇದನ್ನು ಬರೀ ವೇಗ, ಅನುಕೂಲ ಎಂದು ಹೊಗಳುತ್ತಾರೆ. ನನಗೆ ಕಂಡ ಗುಣ ಬೇರೆ: ಬದಲಾಯಿಸುವ ಕೆಲಸ ಇಲ್ಲಿ ನನ್ನ ಕಡೆ ಉಳಿಯುತ್ತದೆ. ಮಾರುವವರಿಗೆ ಅವರ ಊರಿನಲ್ಲಿ ಸಲ್ಲುವ ಹಣವೇ ಸಿಗುತ್ತದೆ.

ಹಾಗೆಂದು ಯಂತ್ರ ಬಂದಲ್ಲಿ ಪ್ರಶ್ನೆ ಮುಗಿಯಿತು ಎಂದಲ್ಲ. ಅದೇ ಓಣಿಯ ತುದಿಯಲ್ಲಿ ಬುಟ್ಟಿಯಲ್ಲಿ ಸೊಪ್ಪು ಮಾರುವ ಹೆಂಗಸಿನ ಬಳಿ ಕೋಡ್ ಇರಲಿಲ್ಲ. ಫೋನ್ ಒಂದನ್ನೇ ನಂಬಿ ಬರುವ ಪ್ರವಾಸಿಗಳು ಅವರನ್ನು ದಾಟಿ ಹೋಗುತ್ತಾರೆ. ಇನ್ನು ಎಷ್ಟೋ ದೇಶಗಳಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರವೇ, ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಾ ಎಂದು ಕೇಳುತ್ತದೆ. ನಮ್ಮ ರೂಪಾಯಿಯ ಅಂಕಿ ಕಂಡು ಸಮಾಧಾನವಾಗಿ ಅದನ್ನೇ ಒತ್ತಿದರೆ, ಸಾಮಾನ್ಯವಾಗಿ ಕೆಟ್ಟ ದರ ಹಾಕಿ ಹೆಚ್ಚು ಕೀಳುತ್ತಾರೆ. ಅಲ್ಲಿಯೂ ಅಲ್ಲಿನ ಹಣವನ್ನೇ ಆರಿಸುವುದು ಜಾಣತನ. ಪಾಟನ್‌ನಲ್ಲಿ ನಾನು ನೀತಿ ಎಂದು ಕಲಿತದ್ದು ಇಲ್ಲಿ ಲಾಭವೂ ಹೌದು. ಆದರೆ ಲಾಭ ಇಲ್ಲದ ಕಡೆಯೂ ಅದನ್ನೇ ಮಾಡುತ್ತೇವೆಯೇ ಎಂಬುದರಲ್ಲಿ ನಮ್ಮ ಪರೀಕ್ಷೆ.

ದಿದಿಗೆ ನನ್ನ ಗುರುತು ಸಿಕ್ಕಿತು. ಲೋಟ ಕೈಗೆ ಕೊಡುತ್ತಲೇ, "ಬ್ಯಾಂಕಿನಲ್ಲಿ ಕೇಳಿದೆಯಾ ಬಹಿನಿ?" ಎಂದರು.

ಎರಡು ವರ್ಷ. ಅವರು ಮರೆತಿರಲಿಲ್ಲ.

"ಕೇಳಲಿಲ್ಲ ದಿದಿ. ಅದು ಆಗಲ್ಲ ಅಂತ ಅವತ್ತೇ ನನಗೆ ಗೊತ್ತಿತ್ತು. ಹೇಳಲಿಕ್ಕೆ ಬಾಯಿ ಬರಲಿಲ್ಲ" ಎಂದೆ. ಅವರು ಬಾಣಲೆ ಕಡೆ ತಿರುಗಿ ಎರಡು ರೋಟಿ ತೆಗೆದು, ಎಣ್ಣೆ ಬಸಿದು, ತಟ್ಟೆಗೆ ಹಾಕಿದರು. "ಅವತ್ತೇ ಹೇಳಬಹುದಿತ್ತು" ಎಂದರು. ಅಷ್ಟೇ. ಸಿಟ್ಟೇನೂ ಇರಲಿಲ್ಲ. ಅದಕ್ಕಿಂತ ಸಿಟ್ಟೇ ವಾಸಿ ಎನಿಸಿತು.

ಬ್ಯಾಗಿನಲ್ಲಿ 6,400 ಎನ್‌ಸಿ ಬೇರೆ ತೆಗೆದಿಟ್ಟಿದ್ದೆ. ಬೆಂಗಳೂರಿನಿಂದ ಹೊರಡುವಾಗ ನನ್ನ ಮುಂದೆ ಎರಡು ದಾರಿ ಇದ್ದವು. ಬ್ಯಾಂಕು ಬದಲಾಯಿಸಿ ಕೊಟ್ಟಿತು ಎಂದು ಹೇಳಿ ಕೊಟ್ಟುಬಿಡುವುದು ಒಂದು. ಅವರಿಗೆ ಮಗನ ದುಡಿಮೆ ವಾಪಸ್ ಬಂದ ಸಂತೋಷ, ನನಗೆ ನೆಮ್ಮದಿ. ಆದರೆ ಅದು ಮತ್ತೊಂದು ಖೋಟಾ ನೋಟೇ. ಜೊತೆಗೆ, ನಮ್ಮ ದೇಶ ಮಾತು ಉಳಿಸಿಕೊಂಡಿತು ಎಂಬ ಸುಳ್ಳು ಸಾಕ್ಷಿ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಬ್ಯಾಂಕು ಕೊಡಲ್ಲ. ಇದು ನನ್ನ ದುಡ್ಡು. ಆ ನಾಲ್ಕು ನೋಟು ನನಗೆ ಕೊಡಿ."

ಬೇಡ ಎನ್ನುತ್ತಾರೆ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಬಹುಶಃ ಹಾಗೆ ಆಗಲಿ ಎಂದೂ ಇದ್ದಿರಬೇಕು; ಫೆಲೋಶಿಪ್ಪಿನಲ್ಲಿ ನಾಲ್ಕು ಸಾವಿರ ಸಣ್ಣ ಮೊತ್ತವಲ್ಲ. ಅವರು ಬೇಡ ಎನ್ನಲಿಲ್ಲ. ಕೈ ಒರೆಸಿಕೊಂಡು, ಹಣ ತೆಗೆದುಕೊಂಡು, ಎರಡು ಸಲ ಎಣಿಸಿದರು. ಒಂದು ನೋಟು ಸ್ವಲ್ಪ ಹರಿದಿತ್ತು, ಅದನ್ನು ಬದಲಾಯಿಸಿ ಕೊಡು ಎಂದರು. ಕೊಟ್ಟೆ. ಒಳಗಿಂದ ಕವರು ತಂದು ನನ್ನ ಕೈಗಿಟ್ಟರು. ಆಮೇಲೆ ತಿಂಡಿಯ 180ನ್ನೂ ಕೇಳಿದರು. ಕಂಬಕ್ಕೆ ಅಂಟಿದ ಹಾಳೆಗೆ ಫೋನ್ ಹಿಡಿದೆ. ಹಣ ಬಂತು ಎಂದು ಅವರ ಮೊಬೈಲು ಸದ್ದು ಮಾಡುವವರೆಗೂ ಅವರು ನನ್ನ ಮುಖ ನೋಡುತ್ತಲೇ ಇದ್ದರು. ಹಾಗೆ ನೋಡುವುದೇ ಸರಿ ಎನಿಸಿತು.

ಇದರಿಂದ ಲೆಕ್ಕ ಚುಕ್ತಾ ಆಯಿತೇ? ಇಲ್ಲ. ಇಂಥ ಕವರುಗಳು ನೇಪಾಳದ ಎಷ್ಟೋ ಮನೆಗಳಲ್ಲಿ ಇರಬೇಕು. ಒಬ್ಬರ ಪ್ರಾಯಶ್ಚಿತ್ತದಿಂದ ಎರಡು ದೇಶಗಳ ನಡುವಿನ ಬಾಕಿ ತೀರುವುದಿಲ್ಲ. ಅದನ್ನು ತೀರಿಸಬೇಕಾದವರು ತೀರಿಸಬೇಕು. ತೀರಿದ್ದು ನನ್ನ 'ನೋಡ್ತೀನಿ' ಮಾತ್ರ. ಅದರ ನಂತರ ನಾನು ಕೆಲವು ಸಣ್ಣ ರೂಢಿಗಳನ್ನು ಹಾಕಿಕೊಂಡಿದ್ದೇನೆ. ಯಾವ ದೇಶಕ್ಕೇ ಹೋಗಲಿ, ಅಲ್ಲಿನ ನಿಯಮ ಆ ವಾರ ಏನಿದೆ ಎಂದು ವಿಚಾರಿಸುತ್ತೇನೆ, ಅವು ಬದಲಾಗುತ್ತಲೇ ಇರುತ್ತವೆ. ಮೊದಲ ದಿನಕ್ಕೆ ಸಾಕಾಗುವಷ್ಟು ಅಲ್ಲಿನ ಹಣ, ಅದರಲ್ಲೂ ಚಿಲ್ಲರೆ, ಕೈಯಲ್ಲಿಟ್ಟುಕೊಳ್ಳುತ್ತೇನೆ. ಹೇಗೆ ಕೊಡಲಿ ಎಂದು ತಿನ್ನುವ ಮೊದಲೇ ಕೇಳುತ್ತೇನೆ. ಗೊತ್ತಿದ್ದದ್ದನ್ನು ಗೊತ್ತಿದೆ ಎನ್ನುತ್ತೇನೆ.

ಆ ನಾಲ್ಕು ನೋಟುಗಳು ಈಗ ನನ್ನ ಓದುವ ಮೇಜಿನ ಮೇಲೆ ಇವೆ, ಅದೇ ಪ್ಲಾಸ್ಟಿಕ್ ಕವರಿನಲ್ಲಿ. ನಮ್ಮ ನೋಟಿನ ಹಿಂಬದಿಯಲ್ಲಿ ಮೊತ್ತವನ್ನು ಹದಿನೈದು ಭಾಷೆಗಳಲ್ಲಿ ಒಂದರ ಕೆಳಗೊಂದು ಬರೆದಿರುತ್ತಾರೆ. ನಾಲ್ಕನೆಯ ಸಾಲು ಕನ್ನಡ. ಅದನ್ನು ಓದಿ ಹೆಮ್ಮೆಪಡುವುದು ಚಿಕ್ಕಂದಿನಿಂದ ಅಭ್ಯಾಸ. ಈಗ ಬೆರಳು ಇನ್ನೂ ಐದು ಸಾಲು ಕೆಳಗೆ ಇಳಿಯುತ್ತದೆ. ಒಂಬತ್ತನೆಯ ಸಾಲು ನೇಪಾಳಿ.